ಐದು ಪೋಲು ಜಮೀನಿಗೆ ಒಂದೇ ಗೂಟ

ಅಲಾಟ್‌ಮೆಂಟ್ ಸಿಕ್ಕಿತು ಎಂದು ಬೆಂಗಳೂರಿನ ಭಾವನಿಗೆ ಫೋನ್ ಮಾಡಿ ಹೇಳಿದ್ದು ನನ್ನ ಮೊದಲ ತಪ್ಪು.

“ಕಂಗ್ರಾಟ್ಸ್ ಕಣಯ್ಯಾ! ಎಷ್ಟು ಬೈ ಎಷ್ಟು? ಕಾರ್ನರ್ ಸೈಟಾ?”

“ಸೈಟಲ್ಲ ಭಾವ. ತರಕಾರಿ ಬೆಳೆದುಕೊಳ್ಳೋಕೆ ಅಂತ ಕೌನ್ಸಿಲ್‌ನವರು ಬಾಡಿಗೆಗೆ ಕೊಡೋ ಜಾಗ. ಮನೆ ಕಟ್ಟೋ ಹಾಗಿಲ್ಲ, ಮಾರೋ ಹಾಗಿಲ್ಲ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ತಗೋ, ನಿಮ್ಮಕ್ಕನ ಹತ್ರ ಮಾತಾಡು” ಎಂದು ಭಾವ ಫೋನ್ ಕೈಬದಲಿಸಿದರು.

ನಾವಿರುವುದು ಇಂಗ್ಲೆಂಡಿನ ಲೆಸ್ಟರಿನಲ್ಲಿ. ಇಲ್ಲಿ ಊರೊಳಗೇ ಅಲ್ಲಲ್ಲಿ ಬೇಲಿ ಹಾಕಿದ ಬಯಲುಗಳಿವೆ. ಒಳಗೆ ಪಟ್ಟಿಪಟ್ಟಿಯಾಗಿ ಹಂಚಿದ ಕೈತೋಟಗಳು, ಒಂದೊಂದಕ್ಕೂ ಓರೆಯಾಗಿ ನಿಂತ ಒಂದು ಮರದ ಶೆಡ್ಡು. ಜಾಗ ಕೇಳುವ ಜನರಿಗೆ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಎಂದು 1908ರಲ್ಲೇ ಕಾನೂನು ಮಾಡಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಂತೂ ‘ಡಿಗ್ ಫಾರ್ ವಿಕ್ಟರಿ’ ಎಂದು ಪೋಸ್ಟರ್ ಅಂಟಿಸಿ ಸರ್ಕಾರವೇ ದೇಶದ ಕೈಗೆಲ್ಲ ಗುದ್ದಲಿ ಕೊಟ್ಟಿತ್ತು. ನನ್ನ ಸರದಿ ಬರುವುದಕ್ಕೆ ಕಾದದ್ದು ನಾಲ್ಕು ವರ್ಷ.

ಜಾಗ ಅಳೆಯುವುದು ಇವತ್ತಿಗೂ ‘ಪೋಲ್’ ಎಂಬ ಹಳೇ ಲೆಕ್ಕದಲ್ಲಿ. ಪೂರ್ತಿ ಪ್ಲಾಟ್ ಎಂದರೆ ಹತ್ತು ಪೋಲ್. ನಾಲ್ಕು ಪೋಲಿಗೆ ನಮ್ಮ ಒಂದು ಗುಂಟೆ. ಲೆಕ್ಕ ಕೂದಲೆಳೆಯಷ್ಟೂ ತಪ್ಪುವುದಿಲ್ಲ, ಎರಡೂ ಎಕರೆಯ ಮಕ್ಕಳೇ ತಾನೆ. ಹೊಸಬರಿಗೆ ಪೂರ್ತಿ ಕೊಟ್ಟರೆ ಹಾಳು ಬಿಡುತ್ತಾರೆಂದು ಅರ್ಧ ಕೊಡುತ್ತಾರೆ. ನನಗೆ ಬಂದದ್ದು ಐದು ಪೋಲ್, ಅಂದರೆ ಒಂದೂಕಾಲು ಗುಂಟೆ. ಭಾವನ ಭಾಷೆಯಲ್ಲಿ ತರ್ಟಿ–ಫಾರ್ಟಿ ಮತ್ತು ಅದರ ಮೇಲೊಂದು ಕೋಣೆ. ಅದನ್ನು ‘ಪೋಲು’ ಎಂದು ಕನ್ನಡದಲ್ಲಿ ಉಚ್ಚರಿಸಿದಾಗಲೇ ಅದರ ಭವಿಷ್ಯ ನನಗೆ ಹೊಳೆಯಬೇಕಿತ್ತು.

ಹೊಳೆಯಲಿಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನು ನಾನು. “ಬೇಸಾಯ ನನ್ನ ರಕ್ತದಲ್ಲೇ ಇದೆ” ಎಂದೆ.

“ಹೋದ ತಿಂಗಳ ಬ್ಲಡ್ ಟೆಸ್ಟಲ್ಲಿ ಬರೀ ಸಕ್ಕರೆ ಬಂದಿತ್ತಲ್ರೀ” ಎಂದಳು ಹೆಂಡತಿ.

ನಿಜ ಹೇಳಬೇಕೆಂದರೆ ನಮ್ಮ ತೋಟದಲ್ಲಿ ನಾನು ಮಾಡಿದ ಕೃಷಿಕೆಲಸ ಒಂದೇ. ಹತ್ತು ಗಂಟೆಗೆ ಕೆಲಸದವರಿಗೆ ಕಾಫಿ ಕೊಂಡೊಯ್ಯುವುದು. ಅದರಲ್ಲೂ ದಾರಿಯಲ್ಲಿ ಅರ್ಧ ಚೆಲ್ಲುತ್ತಿದ್ದೆ.

ಪ್ಲಾಟಿನ ಜೊತೆಗೆ ಬಂದ ನಿಯಮಗಳ ಹಾಳೆಯಲ್ಲಿ ಹೆಂಡತಿ ಗೆರೆ ಎಳೆದು ತೋರಿಸಿದ್ದು ಒಂದನ್ನು: ನಾಯಿಗಳನ್ನು ಕರೆತರಬಹುದು, ಆದರೆ ಸದಾ ಹಗ್ಗದಲ್ಲಿರಬೇಕು. ನಾಯಿ ನಮ್ಮಲ್ಲಿತ್ತು. ಮಗಳು ಹನ್ನೆರಡು ವರ್ಷದವಳಿದ್ದಾಗ ಅತ್ತು ಕರೆದು ತರಿಸಿಕೊಂಡದ್ದು. ಅವಳಿಗೀಗ ಹದಿನೈದು, ನಾಯಿಯೂ ಅಪ್ಪನೂ ಒಂದೇ ದರ್ಜೆಗೆ ಇಳಿದಿದ್ದೇವೆ. ಜಾತಿಯಲ್ಲಿ ಬೀಗಲ್, ಹೆಸರು ಬೋಂಡ. ಆಕಾರ ನೋಡಿ ನಾವಿಟ್ಟ ಹೆಸರು. ಇಲ್ಲಿನವರು ‘ಬಾಂಡ್’ ಅಂದುಕೊಂಡರು. ಎಂಥ ಬಂಧನದಿಂದಲೂ ತಪ್ಪಿಸಿಕೊಂಡು, ಮೈಮೇಲೆ ಒಂದು ಗೀರೂ ಇಲ್ಲದೆ, ಗಾಂಭೀರ್ಯದಿಂದ ನಡೆದು ಬರುವ ಅವನ ಕಲೆ ಕಂಡಮೇಲೆ ಅವರನ್ನು ತಿದ್ದಬೇಕೆಂದು ನನಗೂ ಅನ್ನಿಸಲಿಲ್ಲ.

ಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಮೂರು ಬೀದಿಗೆ ಕೇಳುವಂತೆ ಊಳಿಡುತ್ತಾನೆ. ಹಾಗಾಗಿ ಶನಿವಾರ ನಾನು ಹೋದಲ್ಲಿಗೆ ಅವನೂ. ನನಗೂ ಖುಷಿಯೇ. ತೇಜಸ್ವಿಯವರ ‘ಪರಿಸರದ ಕತೆ’ಯ ನಾಯಿ ‘ಕಿವಿ’ಯನ್ನು ಓದಿಕೊಂಡು ಬೆಳೆದವನಿಗೆ, ತೋಟ ಎಂದಮೇಲೆ ಪಕ್ಕದಲ್ಲೊಂದು ನಾಯಿ ಇರಲೇಬೇಕು ಎಂಬ ಭ್ರಮೆ ಇರುತ್ತದೆ. ಆದರೆ ಬೀಗಲ್ ಎಂದರೆ ಮೊಲದ ವಾಸನೆ ಹಿಡಿದು ಓಡಲೆಂದೇ ಇಂಗ್ಲಿಷರು ತಲೆಮಾರುಗಳಿಂದ ತಯಾರು ಮಾಡಿದ ತಳಿ. ಮೂಗು ನೆಲಕ್ಕೆ ತಾಗಿತೆಂದರೆ ಕಿವಿಗೂ ಮನೆಯವರಿಗೂ ಸಂಬಂಧ ಮುಗಿಯಿತು.

ಮೊದಲ ಶನಿವಾರವೇ ಒಂದು ಅಡಚಣೆ ಎದುರಾಯಿತು. ಗುದ್ದಲಿಗೆ ಎರಡು ಕೈ ಬೇಕು, ನಾಯಿಹಗ್ಗಕ್ಕೆ ಒಂದು. ದೇವರು ಕೊಟ್ಟದ್ದು ಎರಡೇ.

ಅದಕ್ಕೇ ಗೂಟ ತಂದೆ. ತಿರುಪಿನಂತೆ ತಿರುಗಿಸಿ ನೆಲಕ್ಕಿಳಿಸುವ ಕಬ್ಬಿಣದ ಗೂಟ, ಮೇಲೆ ಕೆಂಪು ಪ್ಲಾಸ್ಟಿಕ್ಕಿನ ಹಿಡಿ. ಅದಕ್ಕೆ ಐದು ಮೀಟರ್ ಹಗ್ಗ. ಕೆಂಪು ಗೂಟದ ಪಕ್ಕ ಕೂತ ಬೋಂಡ ಯಾವುದೋ ನಿಗಮದ ಅಧ್ಯಕ್ಷನಾಗಿ ನೇಮಕಗೊಂಡವನಂತೆ ಸುತ್ತ ನೋಡಿದ. ನಾನು ಫೋಟೊ ತೆಗೆದು ಮನೆಯ ಗ್ರೂಪಿಗೆ ಹಾಕಿದೆ. ಮಗಳು ತಿಂಗಳಿಗೊಮ್ಮೆ ಮೌನ ಮುರಿಯುವವಳು, ಅವತ್ತು ಮುರಿದಳು: “ಅಪ್ಪಾ, ಹಗ್ಗ 5 ಮೀಟರ್ ಅಂದ್ರೆ ವೃತ್ತ 78.5 ಚದರ ಮೀಟರ್. ನಿನ್ನ ಪ್ಲಾಟೇ 126. ಅರ್ಧಕ್ಕಿಂತ ಹೆಚ್ಚು ಬೋಂಡಂಗೆ ಬರೆದುಕೊಟ್ಟೆ.”

ಲೆಕ್ಕದಲ್ಲಿ ಅವಳು ಬಿಟ್ಟದ್ದು ಹಗ್ಗವನ್ನು. ನಾಯಿ ತುಳಿಯುವುದು ನಾಲ್ಕು ಪಾದದಷ್ಟು ಜಾಗವನ್ನು ಮಾತ್ರ. ಬಿಗಿಯಾದ ಹಗ್ಗ ತುಳಿಯುವುದು ಅದರ ಹಿಂದಿನ ಇಡೀ ಐದು ಮೀಟರನ್ನು. ಬೋಂಡ ಎಡದಿಂದ ಬಲಕ್ಕೆ ಒಂದು ಸಲ ನಡೆದ, ಕೊತ್ತಂಬರಿ ಹೋಯಿತು. ಬಲದಿಂದ ಎಡಕ್ಕೆ ಬಂದ, ಬೀಟ್‌ರೂಟ್ ಸಸಿಗಳು ಮಲಗಿದವು. ಆಮೇಲೆ ಬೀನ್ಸ್ ಬಳ್ಳಿಗೆಂದು ನಾನು ಗೋಪುರದಂತೆ ಕಟ್ಟಿದ್ದ ಎಂಟಡಿ ಬಿದಿರುಕೋಲುಗಳ ಸುತ್ತ ಮೂರು ಪ್ರದಕ್ಷಿಣೆ ಹಾಕಿದ. ಬುಗುರಿಗೆ ಚಾಟಿ ಸುತ್ತಿದಂತೆ ಹಗ್ಗ ಸುತ್ತಿಕೊಂಡಿತು. ಅಷ್ಟರಲ್ಲಿ ಬೇಲಿ ಮೇಲೊಂದು ಅಳಿಲು. ಬುಗುರಿ ಆಡಿಸಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಲೆಸ್ಟರಿನ ಜೇಡಿಮಣ್ಣು ಬೇಸಿಗೆಯಲ್ಲಿ ಹಲಗೆ, ಮಳೆ ಬಿದ್ದರೆ ಬೆಣ್ಣೆ. ಏಪ್ರಿಲ್ ತಿಂಗಳ ಆ ಬೆಣ್ಣೆಯಿಂದ ಗೂಟ ಸಲೀಸಾಗಿ ಕಿತ್ತು ಬಂತು. ಬೋಂಡ ಮುಂದೆ, ಅವನ ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಕುಣಿಯುತ್ತ ಗೂಟ, ಅದರ ಹಿಂದೆ ನಾನು.

ಮನೆಗೆ ಬಂದಮೇಲೆ ಹೆಂಡತಿ ಮೊದಲು ನೋಡಿದ್ದು ಅವನ ಕುತ್ತಿಗೆಯನ್ನು. “ಕಾಲರಿಗಾ ಕಟ್ಟಿದ್ದು? ಓಡಿ ಓಡಿ ಹಗ್ಗ ಮುಗಿದಾಗ ಅಷ್ಟೂ ಪೆಟ್ಟು ಗಂಟಲಿಗೆ ಬೀಳುತ್ತಲ್ರೀ. ಕಟ್ಟೋದಾದ್ರೆ ಎದೆಗೆ ಹಾಕೋ ಹಾರ್ನೆಸ್‌ಗೆ ಕಟ್ಟಬೇಕು. ಹಗ್ಗವೂ ಗಿಡ್ಡ ಇರಬೇಕು.” ನನ್ನ ಬೆನ್ನು ಹೇಗಿದೆ ಎಂದು ಯಾರೂ ಕೇಳಲಿಲ್ಲ. ಅಮ್ಮ ಮಾತ್ರ ವಿಡಿಯೊ ಕಾಲ್‌ನಲ್ಲಿ ಎಲ್ಲ ಕೇಳಿ, “ಕೊಟ್ಟಿಗೆ ದನ ಕಟ್ಟೋ ಗಂಟಾದ್ರೂ ಕಲಿತು ಹೋಗಬಾರದಿತ್ತೇನೋ. ನಮ್ಮ ಕರಿಯನ್ನ ಯಾವತ್ತಾದ್ರೂ ಕಟ್ಟಿದ್ವಾ? ಹೇಳಿದ ಕಡೆ ಬಿದ್ದಿರ್ತಿರ್ಲಿಲ್ವಾ?” ಎಂದರು. ಕರಿಯ ಹೇಳಿದ ಕಡೆ ಬಿದ್ದಿರುತ್ತಿದ್ದುದು ಅಪ್ಪ ಹೇಳಿದಾಗ. ನಾನು ಹೇಳಿದಾಗ ಅವನೂ ಎದ್ದು ಹೋಗುತ್ತಿದ್ದ.

ಗೂಟದ ರಾಜಕೀಯ ಬಿಟ್ಟು ಬೇಲಿಗೆ ಬಂದೆ. ಪ್ಲಾಟಿನ ಒಂದು ಮೂಲೆಗೆ ಕೋಳಿಬಲೆ ಸುತ್ತಿ ಒಳಗೆ ಬೋಂಡನನ್ನು ಬಿಡುವುದು ಎಂದು ಯೋಜನೆ. ಅಗೆಯುವ ಪ್ರಾಣಿಗಾಗಿ ಬಲೆಯ ಕೆಳಅಂಚನ್ನು ಒಂದಡಿ ಮಡಚಿ ಮಣ್ಣಿನಡಿ ಹಾಸಬೇಕು ಎಂಬುದನ್ನು ನಾನು ಓದಿಕೊಂಡೇ ಹೋಗಿದ್ದೆ. ಎರಡು ಶನಿವಾರ ಬೆವರು ಸುರಿಸಿ ಹಾಸಿದೆ, ಹೊರಮೈಗೆ. ಮುಗಿಸಿ, ಬೋಂಡನನ್ನು ಒಳಗೆ ಬಿಟ್ಟು, ಟೀ ಲೋಟ ತುಟಿಗಿಟ್ಟಿದ್ದೆ. ಅವನು ಬಲೆಯ ಬುಡದಲ್ಲಿ ಒಳಗಿನಿಂದ ಅಗೆದು, ಹಾಸಿದ ಅಂಚನ್ನು ಬೆನ್ನಿನಿಂದಲೇ ಎತ್ತಿಕೊಂಡು ಹೊರಬಂದು, ನನ್ನ ಪಕ್ಕ ಕೂತು ಬಿಸ್ಕತ್ತು ನೋಡಿದ. ನಾನು ಓದಿಕೊಂಡಿದ್ದು ಹೊರಗಿನ ಮೊಲ ಒಳಗೆ ಬಾರದಂತೆ ಕಟ್ಟುವ ಬೇಲಿಯ ವಿಧಾನ. ಅಗೆಯುವವನು ಯಾವ ಕಡೆ ನಿಲ್ಲುತ್ತಾನೋ ಆ ಕಡೆಗೆ ಬಲೆ ಮಡಚಬೇಕಂತೆ. ಆ ಮೂಲೆಗೆ ಇವತ್ತಿಗೂ ಹೊರಗಿನ ಒಂದು ಮೊಲವೂ ಹೊಕ್ಕಿಲ್ಲ, ಅಷ್ಟು ಹೇಳಬಲ್ಲೆ.

ಈ ಹೊತ್ತಿಗೆ ಅಕ್ಕಪಕ್ಕದ ಪ್ಲಾಟಿನವರಿಗೆ ಶನಿವಾರ ಒಂದು ಮನರಂಜನೆಯ ದಿನವಾಗಿತ್ತು. ಎಡಗಡೆ ಸೋರೆಕಾಯಿ, ಮೆಂತ್ಯ ಬೆಳೆಯುವ ಗುಜರಾತಿ ಅಜ್ಜಿ. ಎಲ್ಲರೂ ‘ಬಾ’ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕನ್ನಡದ ಕಿವಿಗೆ ಮಾತ್ರ, ನಾನು ಆಕೆಯನ್ನು ಸದಾ ಹತ್ತಿರ ಕರೆಯುತ್ತಿರುವಂತೆ ಕೇಳಿಸುತ್ತದೆ. ಬಲಗಡೆ ಬಸ್ ಓಡಿಸಿ ನಿವೃತ್ತರಾದ ಇಂಗ್ಲಿಷ್ ತಾತ. ಅವರಿಗೆ ಕಾನೂನಿನ ಹುಚ್ಚು. 1950ರ ಕಾಯಿದೆಯ ಪ್ರಕಾರ ಅಲಾಟ್‌ಮೆಂಟಿನಲ್ಲಿ ಹೇಂಟೆಯನ್ನೂ ಮೊಲವನ್ನೂ ಸಾಕಬಹುದು, ಹುಂಜವನ್ನು ಸಾಕುವಂತಿಲ್ಲ, ನಾಯಿಯ ಸುದ್ದಿಯೇ ಅದರಲ್ಲಿಲ್ಲ ಎಂದು ವಿವರಿಸಿದರು. ಕಿವಿಯ ಉದ್ದ ನೋಡಿ ಬೋಂಡನನ್ನು ಮೊಲದ ಲೆಕ್ಕಕ್ಕೆ ಸೇರಿಸಬಹುದೇ ಎಂದು ಕೇಳಿದೆ. ಅವರು ನಗಲಿಲ್ಲ, ಯೋಚಿಸಿದರು. ಇಂಗ್ಲಿಷರ ಹಾಸ್ಯಪ್ರಜ್ಞೆಯ ಬಗ್ಗೆ ನಮಗೆ ಯಾರೋ ಸ್ವಲ್ಪ ಹೆಚ್ಚೇ ಹೇಳಿದ್ದಾರೆ.

ಮೂರನೆಯ ಪ್ರಯೋಗ ಮರಿನಾಯಿಗಳ ಮಡಚುವ ಆವರಣ. ಎಂಟು ಕಬ್ಬಿಣದ ಚೌಕಟ್ಟುಗಳನ್ನು ಕೊಂಡಿಯಿಂದ ಸೇರಿಸಿದರೆ ಸುತ್ತುಗೋಡೆ ಸಿದ್ಧ, ತಳವಿಲ್ಲ. ಅಗೆಯದಂತೆ ಹುಲ್ಲಿನ ದಾರಿಯ ಮೇಲಿಟ್ಟೆ. ನೆಲಕ್ಕೆ ಮೊಳೆ ಹೊಡೆದು ಕೂರಿಸಿ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಮೊಳೆಗಳೂ ಇದ್ದವು, ನಮ್ಮ ಗ್ಯಾರೇಜಿನಲ್ಲಿ.

ಬೋಂಡ ಹತ್ತು ನಿಮಿಷ ಯೋಚಿಸಿದ. ಆಮೇಲೆ ಎದೆಯನ್ನು ಒಂದು ಚೌಕಟ್ಟಿಗೆ ಒತ್ತಿ ನಡೆಯತೊಡಗಿದ. ಆವರಣವೂ ಅವನೊಂದಿಗೆ ಹೊರಟಿತು. ನಾನು ಬಗ್ಗಿ ಈರುಳ್ಳಿ ಪಾತಿಯ ಕಳೆ ಕೀಳುತ್ತಿದ್ದೆ. ಕಬ್ಬಿಣದ ಕಿರಕಿರ ಕೇಳಿ ತಲೆಯೆತ್ತಿದರೆ, ಉತ್ಸವಮೂರ್ತಿಯೊಂದು ತಾನೇ ತನ್ನ ಪಲ್ಲಕ್ಕಿ ಹೊತ್ತು ಬೀದಿಗೆ ಹೊರಟಂತೆ ಬೋಂಡ ದಾರಿಯ ನಡುವೆ ಮೆಲ್ಲಗೆ ಸಾಗುತ್ತಿದ್ದಾನೆ. ಸವಾರಿ ಬಲಕ್ಕೆ ತಿರುಗಿ ತಾತನ ಸ್ಟ್ರಾಬೆರಿ ಪಾತಿಯ ಮೇಲೆ ಬಿಜಯಂಗೈದಿತು. ಹೊರಗಿದ್ದ ಹಣ್ಣುಗಳು ಒಂದೊಂದಾಗಿ ಆವರಣದ ಒಳಗಾದವು. ಅವನು ಒಳಗಿದ್ದುಕೊಂಡೇ, ಯಾವ ನಿಯಮವನ್ನೂ ಮುರಿಯದೆ, ತಿಂದ. ನಾನು ಓಡಿಹೋಗಿ ಚೌಕಟ್ಟು ಹಿಡಿದೆ, ಅವನು ಒತ್ತಿದ, ಬಾ ತಮ್ಮ ಸೋರೆ ಚಪ್ಪರದಿಂದ ಗುಜರಾತಿಯಲ್ಲಿ ಏನೋ ಹೇಳಿ ಕೈಮುಗಿದರು. ನನಗೋ, ದೇವರಿಗೋ, ಪಲ್ಲಕ್ಕಿಗೋ ಗೊತ್ತಾಗಲಿಲ್ಲ.

ಶೆಡ್ಡಿನಲ್ಲಿ ಕೂಡಿ ಹಾಕಿದರೆ ಎಂದು ಒಮ್ಮೆ ಬಾಯಿಬಿಟ್ಟೆ. “ಬಿಸಿಲಲ್ಲಿ ಅದರೊಳಗೆ ಹತ್ತು ನಿಮಿಷ ನೀವು ಕೂತು ಬನ್ನಿ, ಆಮೇಲೆ ಮಾತಾಡೋಣ” ಎಂದಳು ಹೆಂಡತಿ. ಕೂರಲೂ ಇಲ್ಲ, ಮಾತಾಡಲೂ ಇಲ್ಲ.

ಜೂನ್ ತಿಂಗಳಲ್ಲಿ ನಡೆದದ್ದನ್ನು ಮಾತ್ರ ನಗುತ್ತ ಹೇಳಲು ಸ್ವಲ್ಪ ಕಷ್ಟ. ಟೊಮೆಟೊ ಸಸಿ ನೆಡುವಾಗ ಕುಣಿಗೆ ಒಂದು ಹಿಡಿ ಗೊಬ್ಬರ ಹಾಕಬೇಕೆಂದು ತಾತ ಹೇಳಿಕೊಟ್ಟಿದ್ದರು. ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದು. ರಕ್ತ, ಮೀನು, ಮೂಳೆ ಒಣಗಿಸಿ ಪುಡಿ ಮಾಡಿ ಬೆರೆಸಿದ್ದು, ಹೆಸರೂ ಅದೇ. ನನ್ನ ಪಾಲಿಗೆ ಅದು ಗೊಬ್ಬರ. ಬೋಂಡನ ಪಾಲಿಗೆ ಮಿಲಿಟರಿ ಹೋಟೆಲಿನ ಬೋರ್ಡು. ಹದಿನೆಂಟು ಸಸಿ ನೆಟ್ಟು, ಬೆನ್ನು ನೆಟ್ಟಗೆ ಮಾಡಿ ತಿರುಗಿದರೆ, ಅವನು ಹಗ್ಗದಿಂದ ಕಳಚಿಕೊಂಡು ಮೊದಲ ಕುಣಿಯಿಂದ ಶುರು ಮಾಡಿ, ಸಾಲು ತಪ್ಪದೆ, ಪಂಕ್ತಿಯಲ್ಲಿ ಒಂದೊಂದೇ ಎಲೆ ಮುಗಿಸಿಕೊಂಡು ಬರುವವನಂತೆ ಹದಿಮೂರನೆಯದಕ್ಕೆ ಬಂದಿದ್ದ. ಪಶುವೈದ್ಯರಲ್ಲಿಗೆ ಹೊತ್ತು ಓಡಿದೆ. ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಸಿಮೆಂಟಿನ ಉಂಡೆಯಂತೆ ಗಟ್ಟಿಯಾಗಬಹುದು, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು ಎಂದು ಅವರು ಹೇಳುವಾಗ ನನ್ನ ಕೈ ನಡುಗುತ್ತಿತ್ತು. ಪುಣ್ಯಕ್ಕೆ ತಿಂದದ್ದರ ಮುಕ್ಕಾಲು ಪಾಲನ್ನು ಅವನು ಬರುವಾಗ ಕಾರಿನ ಸೀಟಿನ ಮೇಲೆ ವಾಪಸು ಕೊಟ್ಟಿದ್ದ. ರಾತ್ರಿಯಿಡೀ ಅವನ ಬುಟ್ಟಿಯ ಪಕ್ಕ ಕೂತೆ. ಬೆಳಿಗ್ಗೆ ಐದಕ್ಕೆ ಎದ್ದು ನನ್ನ ಕಾಲುಚೀಲ ಕಚ್ಚಿಕೊಂಡು ಹೋದ. ಅಷ್ಟು ಸಂತೋಷ ನನಗೆ ಅಲಾಟ್‌ಮೆಂಟ್ ಸಿಕ್ಕಾಗಲೂ ಆಗಿರಲಿಲ್ಲ.

ಅವತ್ತು ಹೆಂಡತಿ ಪಟ್ಟಿ ಮಾಡಲು ಕೂತಳು. ನಾಯಿಗೆ ಏನೇನು ಆಗದು ಎಂದು ಅವಳು ಓದುತ್ತ ಹೋದಳು, ನನ್ನ ತೋಟ ಕರಗುತ್ತ ಹೋಯಿತು. ಈರುಳ್ಳಿ, ಬೆಳ್ಳುಳ್ಳಿ, ಲೀಕ್ ಮೂರೂ ನಾಯಿಯ ರಕ್ತಕ್ಕೆ ಕೇಡು. ರೂಬಾರ್ಬ್ ಎಲೆ ವಿಷ. ಟೊಮೆಟೊ ಎಲೆ, ಹಸಿರುಗಟ್ಟಿದ ಆಲೂಗಡ್ಡೆ ಕೂಡದು. ದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದು. ಘಮಘಮ ಎನ್ನುತ್ತದೆಂದು ನಾನು ಪಾತಿಗೆ ಹಾಸಿದ್ದ ಕೋಕೋ ಸಿಪ್ಪೆಯಲ್ಲಿ ಚಾಕೊಲೇಟಿನಲ್ಲಿರುವ ವಿಷವೇ ಇದೆ. ಬೂಸಲು ಹಿಡಿದ ಕಾಂಪೋಸ್ಟ್ ಗುಂಡಿಗೆ ಮುಚ್ಚಳ ಬೇಕು. ಶೆಡ್ಡಿನಲ್ಲಿ ಹಿಂದಿನವರು ಬಿಟ್ಟುಹೋದ ಬಸವನಹುಳದ ನೀಲಿ ಗುಳಿಗೆಗಳ ಡಬ್ಬಿ ಸಿಕ್ಕಿತ್ತು. ಹಳೆಯ ಮೆಟಾಲ್ಡಿಹೈಡ್, ತೋಟಗಳಲ್ಲಿ ಬಳಸುವುದನ್ನು 2022ರಿಂದ ಇಲ್ಲಿ ನಿಷೇಧಿಸಿದ್ದಾರೆ, ನಾಯಿ ತಿಂದರೆ ನಡುಕ ಬಂದು ಸಾಯುವಂಥದ್ದು. ಅದನ್ನು ಆ ಕ್ಷಣವೇ ಕೌನ್ಸಿಲ್‌ನ ವಿಷವಸ್ತು ಸಂಗ್ರಹಕ್ಕೆ ಕೊಟ್ಟು ಬಂದೆ.

“ನಿಮ್ಮ ಪ್ಲಾಟಲ್ಲಿ ಚೆನ್ನಾಗಿ ಬಂದಿರೋದು ಯಾವುದು?” ಎಂದು ಕೇಳಿದಳು.

“ಈರುಳ್ಳಿ, ಬೆಳ್ಳುಳ್ಳಿ, ರೂಬಾರ್ಬ್.”

ಅವಳು ಪೆನ್ನು ಕೆಳಗಿಟ್ಟಳು. “ಮುಂದಿನ ಶನಿವಾರ ನಾನೂ ಬರ್ತೀನಿ.”

ಬಂದಳು. ಮಡಚುವ ಕುರ್ಚಿ ಹಾಕಿ, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು, ಅರ್ಧ ಗಂಟೆ ಸುಮ್ಮನೆ ನೋಡಿದಳು. ಬೋಂಡನನ್ನೋ ನನ್ನನ್ನೋ ತಿಳಿಯದೆ ನಾನು ಹೊಟ್ಟೆ ಒಳಗೆಳೆದುಕೊಂಡು ಅಗೆದೆ. ಕೊನೆಗೆ, “ನೀವು ಇವನನ್ನ ಯಾವಾಗಲೂ ಆ ತುದೀಲಿ ಬಿಟ್ಟು ಈ ತುದೀಲಿ ಕೆಲಸ ಮಾಡ್ತೀರಿ. ಅವನಿಗೆ ಬೇಕಾಗಿರೋದು ಎರಡೇ. ನಾವು ಕಣ್ಣಿಗೆ ಕಾಣ್ತಾ ಇರಬೇಕು, ಅಗೆಯೋಕೆ ಮಣ್ಣು ಬೇಕು. ಅದೆರಡೂ ಬಿಟ್ಟು ಬಾಕಿ ಎಲ್ಲಾ ಕೊಟ್ಟಿದ್ದೀರಿ” ಎಂದಳು.

ಪ್ಲಾಟಿನ ನಟ್ಟನಡುವೆ, ಯಾವ ಪಾತಿಯಲ್ಲಿ ನಿಂತರೂ ಕಾಣುವ ಕಡೆ, ಹಳೇ ಹಲಗೆಗಳಿಂದ ಎರಡು ಮೀಟರ್ ಚೌಕದ ಒಂದು ಅಂಕಣ ಮಾಡಿಸಿದಳು. ಮಾಡಿದ್ದು ನಾನು. ಪಕ್ಕದಲ್ಲೇ ಮೊದಲಿನಿಂದ ಇದ್ದ ದಪ್ಪ ಮರದ ಕಂಬಕ್ಕೆ ಗಿಡ್ಡ ಹಗ್ಗ, ಹಗ್ಗದ ಕೊಂಡಿ ಹಾರ್ನೆಸ್ಸಿಗೆ. ಮೇಲೊಂದು ಹಳೇ ಕೊಡೆಯ ನೆರಳು, ಸ್ಟೀಲ್ ಬೋಗುಣಿಯಲ್ಲಿ ನೀರು. ಎರಡು ಕ್ಯಾರೆಟ್ ಹೂತಿಟ್ಟು “ಹುಡುಕು” ಎಂದಳು. ಬೋಂಡ ಮಣ್ಣಿಗೆ ಬಿದ್ದ. ಮೂರು ಗಂಟೆ ಹೊತ್ತು ಅವನ ಕಡೆಯಿಂದ ಒಂದು ಸದ್ದಿಲ್ಲ, ಮಣ್ಣು ಹಾರುವ ಸದ್ದೊಂದನ್ನು ಬಿಟ್ಟು. ನನ್ನ ಗೂಟ, ಬಲೆ, ಪಲ್ಲಕ್ಕಿ ಎಲ್ಲದರ ಖರ್ಚು ಕೂಡಿದರೆ ಆ ಕ್ಯಾರೆಟ್ಟಿಗೆ ಚಿನ್ನದ ಬೆಲೆ ಬರುತ್ತಿತ್ತು. ಕೂಡಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಮಗಳು ಕೂಡಿದಳು.

ಹೀಗೆ ಬೇಸಿಗೆ ಕಳೆಯಿತು. ಈರುಳ್ಳಿ ಪಾತಿಗೆ ಬಲೆಯ ಮುಚ್ಚಿಗೆ ಬಂತು, ಆ ಗೊಬ್ಬರದ ಬದಲಿಗೆ ಕೊಳೆತ ಎಲೆ ಬಂತು. ನಾನು ಅಗೆಯುವಷ್ಟು ಅಗೆದೆ. ಬೋಂಡ ತನ್ನ ಚೌಕವನ್ನು ವಾರವಾರವೂ ಬುಡಮೇಲು ಮಾಡಿದ.

ಸೆಪ್ಟೆಂಬರಿನಲ್ಲಿ ಪ್ಲಾಟ್ ತಪಾಸಣೆಯ ಚೀಟಿ ಬಂತು. ಜಮೀನಿನ ಮುಕ್ಕಾಲು ಪಾಲು ಸಾಗುವಳಿಯಲ್ಲಿರಬೇಕು, ಇಲ್ಲದಿದ್ದರೆ ಎಚ್ಚರಿಕೆ ಪತ್ರ. ನಡುಮಧ್ಯೆ ನಾಯಿ ಅಗೆದ ಹೊಂಡ ಇಟ್ಟುಕೊಂಡು ಸಾಗುವಳಿ ಎನ್ನುವುದು ಹೇಗೆ? ಹಿಂದಿನ ಸಂಜೆ ಹೋಗಿ ಕಂಬದ ಹಗ್ಗ ಬಿಚ್ಚಿ, ಕೊಡೆ ಮಡಚಿ, ಹೊಂಡದ ಮಣ್ಣನ್ನೆಲ್ಲ ಹರವಿ, ಹಲ್ಲುಕೋಲಿನಿಂದ ರಂಗೋಲಿ ಹಾಕುವ ಅಂಗಳದಷ್ಟು ನಯ ಮಾಡಿದೆ.

ಮರುದಿನ ಅಲಾಟ್‌ಮೆಂಟಿನ ಕಾರ್ಯದರ್ಶಿ ಬಂದರು. ಎಪ್ಪತ್ತು ದಾಟಿದ ಹೆಂಗಸು, ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲೊಂದು ಬಿದಿರುಕೋಲು. ನನ್ನ ಆಲೂಗಡ್ಡೆ ಪಾತಿಗೆ ಕೋಲು ಚುಚ್ಚಿದರು. ನಾಲ್ಕು ಬೆರಳು ಇಳಿದು ಜೇಡಿಗೆ ತಾಗಿ ನಿಂತಿತು. ಬೀಟ್‌ರೂಟ್ ಪಾತಿ, ಹಾಗೇ. ಏನೋ ಬರೆದುಕೊಂಡರು. ಆಮೇಲೆ ನಡುವಿನ ಚೌಕಕ್ಕೆ ಚುಚ್ಚಿದರು. ಕೋಲು ಇಳಿಯಿತು, ಇಳಿಯಿತು, ಮೊಣಕೈಯಷ್ಟು ಇಳಿಯಿತು. ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಬೆರಳಲ್ಲಿ ಉದುರಿಸಿದರು. ಗೋಧಿರವೆಯಂತೆ ಉದುರಿತು.

“ಡಬಲ್ ಡಿಗ್ಗಿಂಗ್! ಈಗ ಯಾರೂ ಮಾಡೋದಿಲ್ಲ. ನಮ್ಮ ತಂದೆ ಮಾಡ್ತಿದ್ರು. ಈ ಜೇಡಿಯಲ್ಲಿ ಎರಡು ಗುದ್ದಲಿ ಆಳಕ್ಕೆ ಹೀಗೆ ಪುಡಿ ಮಾಡೋದು ಅಂದ್ರೆ... ಬೆನ್ನು ಮುರಿಯೋ ಕೆಲಸ. ಎಲ್ಲಿ ಕಲಿತಿರಿ?” ಎಂದು ಕೇಳಿದರು.

ಹೆಂಡತಿ ನನ್ನನ್ನು ನೋಡಿದಳು. ಅವಳ ಕೈಯ ಹಗ್ಗದ ತುದಿಯಲ್ಲಿ ಬೋಂಡನೂ ನನ್ನನ್ನು ನೋಡಿದ.

“ನಮ್ಮದು ತಲೆತಲಾಂತರದ ಕೃಷಿ ಕುಟುಂಬ” ಎಂದೆ.

ಎಚ್ಚರಿಕೆ ಪತ್ರ ಬರಲಿಲ್ಲ. ಬಂದದ್ದು ಇನ್ನೊಂದು ಚೀಟಿ: ಈ ವರ್ಷ ಸೇರಿದ ಹೊಸಬರು ಆರು ಜನರಿದ್ದಾರೆ, ಭಾನುವಾರ ಹತ್ತು ಗಂಟೆಗೆ ತಾವು ದಯವಿಟ್ಟು ಅವರಿಗೆ ಡಬಲ್ ಡಿಗ್ಗಿಂಗ್ ಮಾಡಿ ತೋರಿಸಬೇಕು. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಏನೂ ಹೇಳಲಿಲ್ಲ. ಅವಳು ಏನಾದರೂ ಹೇಳಿದರೇ ವಾಸಿ.

ಶನಿವಾರ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಪ್ಲಾಟಿಗೆ ಹೋಗಿ, ನಾಳೆ ಅಗೆಯಬೇಕಾದ ಜಾಗದಲ್ಲಿ ನಾಲ್ಕು ಅಕ್ಕಿರೊಟ್ಟಿ ಹೂತು ಬಂದಿದ್ದೇನೆ. ಈರುಳ್ಳಿ ಹಾಕಿಲ್ಲ.